ಡೊಂಕು ಬೆನ್ನಿಗೆ ಎಣ್ಣೆಯ ಕೈ



ಇವತ್ತು ನಾವು ಬೆನ್ನಿನ ಬಗ್ಗೆ ಮಾತಾಡೋಣ. ಬೆನ್ನು ನೋಯದ ಹೆಂಗಸರು ಈ ದೇಗಾಂವದಾಗ ಯಾರಿದ್ದೀರಿ, ಕೈ ಎತ್ತರಿ ಅಂದ್ರ ಒಂದೂ ಕೈ ಮ್ಯಾಲೆ ಬರೂದಿಲ್ಲ. ಕಳೆ ತೆಗೆಯುವಾಗ ನೋವು. ಕೊಡ ಎತ್ತುವಾಗ ನೋವು. ಆದರೆ ಇವತ್ತಿನ ಮಾತು ಬರೇ ದಣಿವಿನ ನೋವಿನದಲ್ಲ. ಬೆನ್ನೆಲುಬೇ ಪಕ್ಕಕ್ಕೆ ಬಾಗಿದವರ ನೋವಿನ ಮಾತು. ಡಾಕ್ಟರು ಇದಕ್ಕೆ ಸ್ಕೋಲಿಯೋಸಿಸ್ ಅಂತಾರ. ಹೆಸರು ದೊಡ್ಡದು. ನಾವು ಡೊಂಕು ಬೆನ್ನು ಅನ್ನೋಣ.

ಬೆನ್ನೆಲುಬು ಒಂದೇ ಎಲುಬಲ್ಲ. ಅದು ಅಡಕಲ ಗಡಿಗೆ ಇದ್ದಂತೆ. ಸಣ್ಣ ಸಣ್ಣ ಎಲುಬುಗಳು ಒಂದರ ಮೇಲೊಂದು ಕೂತಿವೆ. ಹಿಂದಿನಿಂದ ನೋಡಿದರೆ ಸಾಲು ನೆಟ್ಟಗೆ ಕಾಣಬೇಕು. ಕೆಲವರಿಗೆ ಅದು ಎಡಕ್ಕೋ ಬಲಕ್ಕೋ ಬಾಗುತ್ತದೆ. ಹಿಂಡಿದ ಸೀರೆಯ ಹಾಗೆ ಸ್ವಲ್ಪ ತಿರುಚಿಕೊಳ್ಳುತ್ತದೆ. ನೂರು ಮಕ್ಕಳಲ್ಲಿ 2-3 ಮಕ್ಕಳಿಗೆ ಹೀಗಾಗುತ್ತದೆ. ಡೊಂಕು ಹೆಚ್ಚುತ್ತಾ ಹೋಗುವುದು ಹೆಣ್ಣುಮಕ್ಕಳಲ್ಲೇ ಜಾಸ್ತಿ.

ಯಾಕೆ ಆಗುತ್ತದೆ? ಹೆಚ್ಚಿನ ಮಕ್ಕಳಲ್ಲಿ ಕಾರಣ ಸಿಕ್ಕಿಲ್ಲ. ಗ್ರಹಣ ಹಿಡಿದು ಆದದ್ದಲ್ಲ. ಬಸುರಿದ್ದಾಗ ತಾಯಿ ಮಾಡಿದ ತಪ್ಪಲ್ಲ. ಕೊಡ ಹೊತ್ತದ್ದರಿಂದಲೂ ಅಲ್ಲ, ಸಾಲಿ ಚೀಲದಿಂದಲೂ ಅಲ್ಲ. ಸೊಸೆಯನ್ನು ಬೈಯುವ ಅತ್ತೆಯರು ಈ ಮಾತನ್ನು ಎರಡು ಸಲ ಕೇಳ್ರಿ.

ಇನ್ನು ನೋವು. ಚಕ್ಕಡಿಯಲ್ಲಿ ಕಣಿಕಿ ಹೇರಿದ್ದೀರಿ. ಹೇರು ಒಂದು ಕಡೆ ವಾಲಿತು ಅನ್ನಿರಿ. ಒಂದು ಬದಿಯ ಹಗ್ಗ ಜಗ್ಗಿ ಬಿಗಿಯುತ್ತದೆ. ಡೊಂಕು ಬೆನ್ನಿನಲ್ಲೂ ಹಾಗೇ. ಒಂದು ಬದಿಯ ಮಾಂಸಖಂಡ ಜಗ್ಗುತ್ತದೆ. ಇನ್ನೊಂದು ಬದಿಯದು ಮುದುಡಿ ಗಟ್ಟಿಯಾಗುತ್ತದೆ. ಎರಡೂ ದಣಿಯುತ್ತವೆ, ನೋಯುತ್ತವೆ.

ಎಣ್ಣೆ ಹಚ್ಚಿ ತಿಕ್ಕಿದರೆ ಈ ಬಿಗಿ ಸಡಿಲಾಗುತ್ತದೆ. ನಿದ್ದೆ ಬರುತ್ತದೆ. ಕೆಲವು ತಾಸು, ಕೆಲವರಿಗೆ ಒಂದೆರಡು ದಿನ ನೋವು ಕಡಿಮೆ ಇರುತ್ತದೆ. ಇದು ಸಣ್ಣ ಲಾಭವಲ್ಲ. ಆದರೆ ಸಡಿಲಾದದ್ದು ಹಗ್ಗ. ಹೇರು ನೆಟ್ಟಗಾಗಲಿಲ್ಲ. ಎಷ್ಟು ತಿಕ್ಕಿದರೂ ಎಲುಬಿನ ಡೊಂಕು ಹೋಗುವುದಿಲ್ಲ. "ನಲವತ್ತು ದಿನ ತಿಕ್ಕಿ ನೆಟ್ಟಗ ಮಾಡ್ತೀನಿ, ರೊಕ್ಕ ಕೊಡ್ರಿ" ಅನ್ನುವವರನ್ನು ನಂಬಬೇಡಿರಿ.

ತಿಕ್ಕುವುದು ನಮಗೆ ಹೊಸದಲ್ಲ. ಬಾಣಂತಿಗೆ, ಕೂಸಿಗೆ ತಿಕ್ಕಿದ ಕೈ ನಮ್ಮದು. ಆ ಮೆತ್ತನ್ನ ಕೈಯೇ ಇಲ್ಲಿ ಬೇಕು. ಗರಡಿಮನೆಯ ಕೈ ಬೇಡ. ನೋಯುವಾಕೆಯನ್ನು ಬೋರಲು ಮಲಗಿಸಿರಿ. ಹೊಟ್ಟೆಯ ಕೆಳಗೆ ತೆಳ್ಳನ್ನ ದಿಂಬು ಇಡಿರಿ. ಬೋರಲು ಆಗದಿದ್ದರೆ ಮಗ್ಗಲಾಗಿ ಮಲಗಲಿ. ಕುಸುಬಿ ಎಣ್ಣೆ, ಕೊಬ್ಬರಿ ಎಣ್ಣೆ, ಮನೆಯಲ್ಲಿ ಯಾವುದಿದೆಯೋ ಅದು ಸಾಕು. ತುಟ್ಟಿಯ ಎಣ್ಣೆ ಬೇಕಿಲ್ಲ. ಉಗುರು ಬೆಚ್ಚಗೆ ಮಾಡಿ, ಮೊದಲು ನಿಮ್ಮ ಮುಂಗೈ ಮೇಲೆ ಹಾಕಿ ನೋಡಿರಿ. ನಟ್ಟನಡುವಿನ ಎಲುಬಿನ ಮೇಲೆ ಒತ್ತಬಾರದು. ಅದರ ಎರಡೂ ಬದಿಯ ಮಾಂಸಖಂಡದ ಮೇಲೆ ಅಂಗೈಯಿಂದ ನಿಧಾನ ತಿಕ್ಕಿರಿ. ಗಂಟು ಸಿಕ್ಕಲ್ಲಿ ಹೆಬ್ಬೆರಳಿಂದ ಹಗುರಾಗಿ ಒತ್ತಿ ಹಿಡಿದು ಬಿಡಿರಿ. ಹತ್ತು ಹದಿನೈದು ನಿಮಿಷ ಸಾಕು. "ಸಾಕವ್ವಾ" ಅಂದ ಕೂಡಲೇ ನಿಲ್ಲಿಸಬೇಕು. ನೋವಾದರೇ ಗುಣ ಅನ್ನೋದು ಸುಳ್ಳು.

ಕೂಸಿನ ಕಡೆಯಿಂದ ಬೆನ್ನು ತುಳಿಸುವುದು ನಮ್ಮ ಕಡೆ ರೂಢಿ. ಡೊಂಕು ಬೆನ್ನಿಗೆ ಅದು ಬೇಡ. ಲಟಕ್ ಅಂತ ಮುರಿಸುವುದಂತೂ ಬೇಡವೇ ಬೇಡ. ವಯಸ್ಸಾದ ಹೆಂಗಸರ ಎಲುಬು ಟೊಳ್ಳಾಗಿರುತ್ತವೆ. ಒತ್ತಿದರೆ ಮುರಿದಾವು. ಜ್ವರ, ಗಾಯ ಇದ್ದಾಗ, ಒಂದೇ ಕಾಲು ಬಾತು ನೋಯುವಾಗ ತಿಕ್ಕಬಾರದು. ಬಸುರಿಯರು, ಬೆನ್ನಿನ ಆಪರೇಶನ್ ಆದವರು ಡಾಕ್ಟರನ್ನು ಕೇಳಿಯೇ ತಿಕ್ಕಿಸಿಕೊಳ್ಳಬೇಕು. ಕಾಲು ಜೋಮು ಹಿಡಿದರೆ, ಕಾಲಿನ ಶಕ್ತಿ ಕುಂದಿದರೆ ಎಣ್ಣೆ ಬಟ್ಟಲು ಬದಿಗಿಟ್ಟು ಆಸ್ಪತ್ರೆಗೆ ಹೋಗಿರಿ. ಉಚ್ಚೆ ತಡೆಯಲಾಗದಿದ್ದರೆ ಅವತ್ತೇ ಹೋಗಿರಿ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯವರು ಬೆನ್ನು ಗಟ್ಟಿಯಾಗುವ ವ್ಯಾಯಾಮ ಕಲಿಸುತ್ತಾರೆ. ತಿಕ್ಕಿದ್ದರ ಗುಣ ಬೇಗ ಇಳಿಯುತ್ತದೆ. ವ್ಯಾಯಾಮದ ಗುಣ ಹೆಚ್ಚು ದಿನ ಉಳಿಯುತ್ತದೆ.

ಈಗ ಮುಖ್ಯ ಮಾತು. ನಿಮ್ಮೂರ ಕಮಲ ನಾರಾಯಣ ಗುಡಿಯ ಕಂಬ ನೋಡಿದ್ದೀರಿ. 12ನೇ ಶತಮಾನದಲ್ಲಿ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ್ದು. ಇವತ್ತಿಗೂ ನೆಟ್ಟಗೆ ನಿಂತಿವೆ. ಕಲ್ಲು ಬೆಳೆಯುವುದಿಲ್ಲ. ಹುಡುಗಿಯ ಬೆನ್ನು ಬೆಳೆಯುತ್ತದೆ. 10ರಿಂದ 15 ವರ್ಷದೊಳಗೆ ಹುಡುಗಿ ಸರಸರ ಎತ್ತರವಾಗುತ್ತಾಳೆ. ಡೊಂಕೂ ಆಗಲೇ ಓಡುತ್ತದೆ. ಆಗ ನೋವು ಇರದೆಯೂ ಇರಬಹುದು. ಅದಕ್ಕೇ ಕಣ್ಣಿಂದ ನೋಡಬೇಕು. ಒಂದು ಹೆಗಲು ಮೇಲೆ, ಒಂದು ಕೆಳಗೆ ಇದೆಯೇ? ಲಂಗದ ಅಂಚು ಒಂದು ಕಡೆ ಏರಿದೆಯೇ? ಕಾಲು ಜೋಡಿಸಿ ನಿಲ್ಲಿಸಿರಿ. ಕೈ ಇಳಿಬಿಟ್ಟು ಮುಂದಕ್ಕೆ ಬಾಗಿಸಿರಿ. ಹಿಂದೆ ನಿಂತು ನೋಡಿರಿ. ಬೆನ್ನಿನ ಒಂದು ಬದಿ ಉಬ್ಬಿದ್ದರೆ ಡಾಕ್ಟರಿಗೆ ತೋರಿಸಿರಿ.

ಅವರು ಎಕ್ಸ್‌ರೇ ತೆಗೆದು ಡೊಂಕನ್ನು ಅಳೆಯುತ್ತಾರೆ. ಸಣ್ಣದಿದ್ದರೆ ಆಗಾಗ ನೋಡುತ್ತಾರೆ ಅಷ್ಟೇ. ಬೆಳೆಯುವ ಹುಡುಗಿಗೆ 25 ಡಿಗ್ರಿ ದಾಟಿದರೆ ಬ್ರೇಸ್ ಎಂಬ ಗಟ್ಟಿ ಕವಚ ತೊಡಿಸುತ್ತಾರೆ. ಇದರ ಬಗ್ಗೆ ಅಮೇರಿಕಾ, ಕೆನಡಾ ದೇಶಗಳಲ್ಲಿ ನಡೆದ ಪರೀಕ್ಷೆಯ ಫಲ 2013ರಲ್ಲಿ ಹೊರಬಂತು. ಕವಚ ತೊಟ್ಟ ನೂರು ಮಕ್ಕಳಲ್ಲಿ 72 ಮಕ್ಕಳ ಡೊಂಕು ಆಪರೇಶನ್ ಮಟ್ಟಕ್ಕೆ ಹೋಗಲಿಲ್ಲ. ತೊಡದವರಲ್ಲಿ 48 ಮಾತ್ರ. ದಿನಕ್ಕೆ 13 ತಾಸು, ಅದಕ್ಕೂ ಹೆಚ್ಚು ತೊಟ್ಟವರಿಗೆ ಇನ್ನೂ ಒಳ್ಳೆಯದಾಯಿತು. ಬೆಳವಣಿಗೆ ನಿಂತ ಮೇಲೆ ಕವಚದಿಂದ ಈ ಲಾಭ ಸಿಗುವುದಿಲ್ಲ. ಎಣ್ಣೆ ತಿಕ್ಕುತ್ತಾ ಎರಡು ವರ್ಷ ಕಳೆದರೆ ಆ ಎರಡು ವರ್ಷ ತಿರುಗಿ ಬರುವುದಿಲ್ಲ.

"ಮಂದಿಗೆ ಗೊತ್ತಾದರೆ ಮದುವಿ ಹೆಂಗವ್ವಾ?" ಅಂತ ಮುಚ್ಚಿಡುವವರಿದ್ದಾರೆ. ಮುಚ್ಚಿಟ್ಟಷ್ಟೂ ಡೊಂಕು ಬೆಳೆದು ಎದ್ದು ಕಾಣುತ್ತದೆ. ಡೊಂಕು ಬೆನ್ನಿನ ಬಹಳಷ್ಟು ಹೆಂಗಸರು ಹಡೆದಿದ್ದಾರೆ, ದುಡಿದಿದ್ದಾರೆ. ಸಾಲಿಗೆ, ಅಂಗನವಾಡಿಗೆ ಮಕ್ಕಳನ್ನು ಪರೀಕ್ಷಿಸಲು ಸರಕಾರದ ವೈದ್ಯರ ತಂಡ ಬರುತ್ತದೆ. ಮಗಳ ಬೆನ್ನು ನೋಡ್ರಿ ಎಂದು ಅವರಿಗೆ ಹೇಳಿರಿ. ಆಶಾ ಅಕ್ಕನಿಗೂ ಹೇಳಿರಿ. ಕಿತ್ತೂರಿನ ಸರಕಾರಿ ಆಸ್ಪತ್ರೆಗೆ ಮೊದಲು ಹೋಗಿರಿ. ಬೇಕಾದರೆ ಅವರು ಬೆಳಗಾವಿಯ ಜಿಲ್ಲಾ ಆಸ್ಪತ್ರೆಯ ಎಲುಬಿನ ಡಾಕ್ಟರ ಹತ್ತಿರ ಕಳಿಸುತ್ತಾರೆ. ಎಕ್ಸ್‌ರೇ ಒಗೆಯಬೇಡಿರಿ. ಅದರ ಮೇಲೆ ತಾರೀಖು ಇದೆಯೇ ಎಂದು ನೀವೇ ಓದಿ ನೋಡಿರಿ. ಮುಂದಿನ ಸಲ ಹಳೆಯದು, ಹೊಸದು ಪಕ್ಕಪಕ್ಕ ಇಟ್ಟು ನೋಡಬೇಕಾಗುತ್ತದೆ.

ಈಗ ಎಣ್ಣೆ ಬೆಚ್ಚಗಾಗಿದೆ. ಹೆಂಗ ತಿಕ್ಕೂದು ಅಂತ ತೋರಸ್ತೀವಿ. ಚಾಪೆ ಹಾಸರಿ, ಯಾರಾದರೂ ಒಬ್ಬರು ಮುಂದ ಬರ್ರಿ.