ಮರಿಗಳ ಮೊದಲ ನಾಲ್ಕು ವಾರ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ನಮ್ಮ ಈ ಐದು ತಾಲ್ಲೂಕುಗಳಲ್ಲಿ ಹೆಚ್ಚಿನ ಹೊಲಗಳು ಮಳೆಯನ್ನೇ ನಂಬಿಕೊಂಡಿವೆ. ಮೆಕ್ಕೆಜೋಳ, ಶೇಂಗಾ ಕೈಕೊಟ್ಟ ವರ್ಷವೂ ಸಂಘದ ಕಂತಿಗೆ, ಮಕ್ಕಳ ನೋಟ್‌ಬುಕ್ಕಿಗೆ ಹಿತ್ತಲ ಕೋಳಿಯಿಂದ ನಾಲ್ಕು ಕಾಸು ಬರುತ್ತದೆ. ಆ ಕಾಸು ಬಹುಮಟ್ಟಿಗೆ ಹೆಂಗಸರ ಕೈಯಲ್ಲೇ ಉಳಿಯುತ್ತದೆ. ಹಾಗಾಗಿ ಹತ್ತು ಮರಿಯಲ್ಲಿ ಆರು ಸತ್ತರೂ ‘ಕೋಳಿ ಬಾಳೇ ಹಂಗೆ’ ಅಂತ ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಮರಿಗಳು ಸಾಯುವುದು ಹೆಚ್ಚಾಗಿ ಮೊದಲ ನಾಲ್ಕು ವಾರದಲ್ಲಿ. ಆ ನಾಲ್ಕು ವಾರ ನಾವು ಕಾಯಬಹುದು.

ಹೇಂಟೆ ಕಾವಿಗೆ ಕೂರಿಸುವವರು ಒಂದಕ್ಕೆ ಹತ್ತು ಹನ್ನೆರಡು ಮೊಟ್ಟೆಗಿಂತ ಹೆಚ್ಚು ಇಡಬೇಡಿ. ಬೇಸಿಗೆಯಲ್ಲಿ ನಾಲ್ಕು ದಿನಕ್ಕಿಂತ ಹಳೆಯ ಮೊಟ್ಟೆ ಬೇಡ. 21ನೇ ದಿನ ಮರಿ ಒಡೆದ ಮೇಲೆ ತಾಯಿಯನ್ನು ತಕ್ಷಣ ಹೊರಗೆ ಬಿಡುತ್ತೇವಲ್ಲ, ಅಲ್ಲೇ ಅರ್ಧ ನಷ್ಟ. ಅದು ಕೆದರುತ್ತಾ ಊರೆಲ್ಲ ಸುತ್ತುತ್ತದೆ, ಎಳೆಮರಿ ಹಿಂದೆ ಓಡಿ ದಣಿದು, ನೆನೆದು, ಹದ್ದಿಗೋ ಬೆಕ್ಕಿಗೋ ಸಿಗುತ್ತದೆ. ಎರಡು ವಾರ ತಾಯಿಮಕ್ಕಳನ್ನು ದೊಡ್ಡ ಬುಟ್ಟಿಯಡಿಯಲ್ಲೋ ಒಂದು ಮೂಲೆ ಕಟ್ಟಿಯೋ ಇರಿಸಿ, ಅಲ್ಲೇ ಕಾಳು ನೀರು ಕೊಡಿ.

ಗಿರಿರಾಜ, ಸ್ವರ್ಣಧಾರಾ ಮರಿ ತಂದವರಿಗೆ ಕೆಲಸ ಇನ್ನೂ ಹೆಚ್ಚು. ಇವು ಬೆಂಗಳೂರಿನಲ್ಲಿ ವಿಶ್ವವಿದ್ಯಾಲಯದವರು ಹಿತ್ತಲ ಸಾಕಣೆಗೆಂದೇ ರೂಪಿಸಿದ ತಳಿಗಳು, ನಮ್ಮ ಬಿಸಿಲಿಗೆ ಒಗ್ಗುತ್ತವೆ. ಆದರೆ ಇವಕ್ಕೆ ತಾಯಿಯಿಲ್ಲ, ಬೆಚ್ಚಗಿಡುವವರು ನೀವೇ. ಒಂದೂವರೆ ಅಡಿ ಎತ್ತರದ ರಟ್ಟನ್ನೋ ತಗಡನ್ನೋ ಗುಂಡಗೆ ಸುತ್ತಿಸಿ. ಮೂಲೆ ಇದ್ದರೆ ಮರಿಗಳು ಅಲ್ಲಿ ಒತ್ತಿಕೊಂಡು ಒಂದರ ಮೇಲೊಂದು ಬಿದ್ದು ಸಾಯುತ್ತವೆ. ಕೆಳಗೆ ಎರಡು ಅಂಗುಲ ಭತ್ತದ ಹೊಟ್ಟೋ ಶೇಂಗಾ ಸಿಪ್ಪೆಯೋ ಹಾಕಿ. ಮೇಲೆ ಬಲ್ಬು, ಮರಿಯೊಂದಕ್ಕೆ ಎರಡು ವ್ಯಾಟ್ ಲೆಕ್ಕ: 30 ಮರಿಗೆ 60 ವ್ಯಾಟಿನ ಹಳೇ ಬಲ್ಬು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಸಾಕಾಗುವಷ್ಟು ಕಾವು ಕೊಡುವುದಿಲ್ಲ. ಮೊದಲ ವಾರ ಮರಿಯ ಬೆನ್ನ ಮಟ್ಟದಲ್ಲಿ 35 ಡಿಗ್ರಿ ಇರಬೇಕು, ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ.

ಥರ್ಮಾಮೀಟರ್ ಇಲ್ಲವೆಂದು ಚಿಂತೆ ಬೇಡ, ರಾತ್ರಿ ಮಲಗುವ ಮುಂಚೆ ಒಮ್ಮೆ ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೇ ಗುಂಪುಗೂಡಿ ಚಿಂವ್ ಚಿಂವ್ ಅಂತ ಜೋರಾಗಿ ಕೂಗುತ್ತಿದ್ದರೆ ಚಳಿ. ಬಲ್ಬಿನಿಂದ ದೂರ ಸರಿದು ಬಾಯಿ ತೆರೆದು ಏದುತ್ತಿದ್ದರೆ ಸೆಕೆ. ಒಂದೇ ಪಕ್ಕಕ್ಕೆ ಸರಿದಿದ್ದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ, ಗೋಣಿಚೀಲ ಕಟ್ಟಿ. ಅಲ್ಲಲ್ಲಿ ಹರಡಿಕೊಂಡು ಮಲಗಿದ್ದರೆ ಸರಿಯಾಗಿದೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಮುಟ್ಟುವಾಗ ಬಲ್ಬು ಆರಿಸಬೇಕು, ಬೆಳಗಿನ ಜಾವಕ್ಕೆ ಮತ್ತೆ ಬೇಕಾಗಬಹುದು. ಕರೆಂಟು ಹೋದರೆ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ನಡುವೆ ಇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಬೇಡಿ, ಆ ಹೊಗೆ ಮರಿಗೂ ನಿಮಗೂ ಪ್ರಾಣಾಪಾಯ.

ಮರಿ ಮನೆಗೆ ಬಂದ ಕೂಡಲೇ ಮೊದಲು ನೀರು, ಆಮೇಲೆ ಕಾಳು. ಕುದಿಸಿ ಆರಿಸಿದ ನೀರಿಗೆ ಸ್ವಲ್ಪ ಬೆಲ್ಲ ಹಾಕಿ, ಒಂದೊಂದು ಮರಿಯ ಕೊಕ್ಕನ್ನೂ ಅದರಲ್ಲಿ ಅದ್ದಿ ಕುಡಿಯುವುದನ್ನು ಕಲಿಸಿ. ತಟ್ಟೆಯಲ್ಲಿ ನಾಲ್ಕು ಬೆಣಚು ಕಲ್ಲು ಹಾಕಿದರೆ ಬಿದ್ದು ನೆನೆಯುವುದಿಲ್ಲ. ಮೊದಲ ದಿನ ಮೆಕ್ಕೆಜೋಳದ ನುಚ್ಚು ಸಾಕು, ಎರಡನೇ ದಿನದಿಂದ ಅದೊಂದನ್ನೇ ಹಾಕಬೇಡಿ. ಎಳೆಮರಿಯ ಆಹಾರದಲ್ಲಿ ನೂರಕ್ಕೆ 20ರಷ್ಟು ಪ್ರೋಟೀನ್ ಬೇಕು, ಮೆಕ್ಕೆಜೋಳದಲ್ಲಿರುವುದು ಒಂಬತ್ತರ ಆಸುಪಾಸು. ಅಂಗಡಿಯ ಸ್ಟಾರ್ಟರ್ ಫೀಡ್ ದುಬಾರಿ ಅನ್ನಿಸುತ್ತದೆ ನಿಜ. ಆದರೆ ನಾಟಿ ಮರಿಯೊಂದು ನಾಲ್ಕು ವಾರದಲ್ಲಿ ತಿನ್ನುವುದು ಹೆಚ್ಚುಕಡಿಮೆ ಅರ್ಧ ಕಿಲೋ ಮಾತ್ರ. ಮೂರನೇ ವಾರದಿಂದ ಗೆದ್ದಲು ಕೊಡಬಹುದು. ಹಳೇ ಮಡಕೆಯಲ್ಲಿ ಒದ್ದೆ ಸೊಪ್ಪೆ, ಸಗಣಿ ತುಂಬಿ, ಸಂಜೆ ಹುತ್ತದ ಹತ್ತಿರ ಬೋರಲು ಹಾಕಿದರೆ ಬೆಳಗ್ಗೆಗೆ ಗೆದ್ದಲು ಹತ್ತಿರುತ್ತದೆ, ಖರ್ಚಿಲ್ಲದ ಪ್ರೋಟೀನ್.

ಬೂಸಲು ಹಿಡಿದ ಕಾಳನ್ನು ‘ಕೋಳಿಗಾದರೂ ಆಯ್ತು’ ಅಂತ ಎಂದೂ ಹಾಕಬೇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ಹುಡುಕಿದರೆ, ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯ ಬೂಸಲಿನಲ್ಲಿತ್ತು ವಿಷ. ಅಫ್ಲಾಟಾಕ್ಸಿನ್ ಎಂಬ ಆ ವಿಷ ಗೊತ್ತಾದದ್ದೇ ಆಗ. ಶೇಂಗಾ, ಮೆಕ್ಕೆಜೋಳ ಎರಡೂ ಬೆಳೆಯುವ, ಒಕ್ಕಣೆ ಹೊತ್ತಿಗೆ ಮಳೆ ಬೀಳುವ ನಮ್ಮ ಕಡೆ ಇದನ್ನು ಮರೆಯುವ ಹಾಗಿಲ್ಲ.

ಇನ್ನು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಕುತ್ತಿಗೆ ತಿರುಚಿಕೊಂಡು, ಹಸಿರು ಭೇದಿ ಮಾಡಿಕೊಂಡು ವಾರದೊಳಗೆ ಓಣಿಗೋಣಿಯೇ ಖಾಲಿಯಾಗುವುದನ್ನು ನೀವೆಲ್ಲ ಕಂಡಿದ್ದೀರಿ. ಇದು ಬಂದ ಮೇಲೆ ಔಷಧಿಯಿಲ್ಲ, ಬರುವ ಮುಂಚೆ ಲಸಿಕೆ ಇದೆ. ಐದರಿಂದ ಏಳನೇ ದಿನ ಕಣ್ಣಿಗೆ ಒಂದು ಹನಿ, 28ನೇ ದಿನ ಮತ್ತೊಂದು, ಎಂಟನೇ ವಾರ ರೆಕ್ಕೆಯಡಿ ಚುಚ್ಚುಮದ್ದು. ನಡುವೆ 14ನೇ ದಿನ ಗುಂಬೋರೊ ಎಂಬ ಇನ್ನೊಂದು ರೋಗಕ್ಕೆ ಲಸಿಕೆ. ತೊಡಕು ಎಲ್ಲಿ ಅಂದರೆ, ಸೀಸೆಯಲ್ಲಿ ನೂರಾರು ಮರಿಗಾಗುವಷ್ಟು ಲಸಿಕೆ ಇರುತ್ತದೆ, ಬೆರೆಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಹತ್ತು ಮರಿ ಇರುವವರು ‘ಇಷ್ಟಕ್ಕೆ ಯಾಕೆ’ ಅಂತ ಬಿಟ್ಟುಬಿಡುತ್ತಾರೆ. ನಾನು ಕೇಳಿಕೊಳ್ಳುವುದು ಇದನ್ನೇ: ಓಣಿಯವರೆಲ್ಲ ಮಾತಾಡಿಕೊಂಡು ಒಂದೇ ಹೊತ್ತಿಗೆ ಹೇಂಟೆಗಳನ್ನು ಕಾವಿಗೆ ಕೂರಿಸಿ, ಒಂದೇ ದಿನ ಹನಿ ಹಾಕಿಸಿ. ಸ್ವಸಹಾಯ ಸಂಘದವರು ಮನಸ್ಸು ಮಾಡಿದರೆ ಇದು ಒಂದು ಬೆಳಗಿನ ಕೆಲಸ. ಥರ್ಮಾಸಿನಲ್ಲಿ ಐಸು ಹಾಕಿ ಸೀಸೆ ತನ್ನಿ, ಬಿಸಿಲೇರುವ ಮುಂಚೆ ಶುರುಮಾಡಿ. ಮರಿಯನ್ನು ಎಡಗೈಯಲ್ಲಿ ಹಿಡಿದು ತಲೆ ಓರೆ ಮಾಡಿ ಹನಿ ಬಿಡಿ, ಅದು ಕಣ್ಣು ಮಿಟುಕಿಸಿ ಹನಿ ಒಳಗಿಳಿಯುವ ತನಕ ಕೈ ಬಿಡಬೇಡಿ. ಜಾರಿಹೋದರೆ ಇನ್ನೊಂದು ಹನಿ.

ಕೊಟ್ಟೂರು ತೇರು, ಮೈಲಾರ ಜಾತ್ರೆಯ ಹೊತ್ತಿಗೆ ಈ ಕೆಲಸ ಮುಗಿದಿರಲಿ. ಜನ ಓಡಾಡುವ ಕಾಲ, ಸಂತೆಯಿಂದ ಕೋಳಿ ಬರುವ ಕಾಲ. ಹೊಸದಾಗಿ ತಂದ ಹುಂಜವನ್ನು ಎರಡು ವಾರ ಬೇರೆ ಕಟ್ಟಿ. ಜಾತ್ರೆಯಲ್ಲಿ ಮಕ್ಕಳು ಹಟ ಹಿಡಿದು ಕೊಳ್ಳುವ ಬಣ್ಣದ ಮರಿಗಳನ್ನಂತೂ ಮನೆಯ ಮರಿಗಳ ಜೊತೆ ಸೇರಿಸಲೇಬೇಡಿ.

ಮಳೆಗಾಲದಲ್ಲಿ ಹೊಟ್ಟು ಒದ್ದೆಯಾದರೆ ಮೂರು ವಾರ ದಾಟಿದ ಮರಿಗಳಿಗೆ ರಕ್ತಭೇದಿ ಬರುತ್ತದೆ. ಹಿಕ್ಕೆಯಲ್ಲಿ ಕೆಂಪು ಕಂಡ ದಿನವೇ ಪಶು ಆಸ್ಪತ್ರೆಗೆ ಹೋಗಿ, ಇದಕ್ಕೆ ಔಷಧಿ ಇದೆ. ಒದ್ದೆ ಹೊಟ್ಟು ತೆಗೆದು ಒಣಗಿದ್ದು ಹಾಕಿ.

2025ರಲ್ಲಿ ಪಕ್ಕದ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಕಾಡುಹಕ್ಕಿಗಳಿಂದಲೂ ಈ ಜ್ವರ ಕೋಳಿಗೆ ಹರಡಬಹುದು. ಹಾಗೆಂದು, ಅಂಕಸಮುದ್ರದ ಕೆರೆಗೆ ದೂರದ ಹಕ್ಕಿಗಳು ಬರುವುದು ನಮಗೆ ಹೆಮ್ಮೆಯೇ, ಅವುಗಳ ಮೇಲೆ ಸಿಟ್ಟು ಬೇಡ. ಕೋಳಿಗಳನ್ನು ಕೆರೆದಂಡೆಗೆ ಬಿಡದಿದ್ದರೆ ಸಾಕು. ಒಮ್ಮೆಲೇ ಹಲವು ಕೋಳಿ ಸತ್ತರೆ ತಿಪ್ಪೆಗೆ ಎಸೆಯಬೇಡಿ, ನಾಯಿಗೆ ಹಾಕಬೇಡಿ, ಮಾರಲೂಬೇಡಿ, ಬರಿಗೈಯಲ್ಲಿ ಮುಟ್ಟಲೂಬೇಡಿ. ಪಶು ಆಸ್ಪತ್ರೆಗೆ ತಿಳಿಸಿ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಅವರು ಬಂದು ನೋಡಿದ ಮೇಲೆ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ.