ಬಿಡುವಿಲ್ಲದ ಗೆಳತಿಗೆ ಬಿಡುವಾಗುವ ದಿನ



ಎಲ್ಲರೂ ಸೇರಿ ಒಂದೆರಡು ದಿನ ಎಲ್ಲಿಗಾದರೂ ಹೋಗಿ ಬರೋಣ ಎಂಬ ಮಾತು ಕಲ್ಮಲದಂಥ ಹಳ್ಳಿಯ ಚಹಾದಂಗಡಿಯಲ್ಲೂ ಏಳುತ್ತದೆ, ರಾಯಚೂರಿನ ಕಚೇರಿಗಳಲ್ಲೂ ಏಳುತ್ತದೆ. ಮೊದಲು ಊರಿನ ಹೆಸರು ಬರುತ್ತದೆ: ಹಂಪಿ, ಗೋಕರ್ಣ, ಗೋವಾ. ಆಮೇಲೆ ಗಾಡಿ ಯಾವುದು, ತಲೆಗೆ ಎಷ್ಟು ಬೀಳುತ್ತದೆ ಎಂಬ ಲೆಕ್ಕ. ಅಷ್ಟರಲ್ಲಿ ಗುಂಪಿನಲ್ಲಿ ಒಬ್ಬರು ಸುಮ್ಮನಾಗಿರುತ್ತಾರೆ. "ನೀವು ಹೋಗಿ ಬರ್ರಿ, ನನಗ ಹೊಲದಾಗ ಕೆಲಸ ಐತಿ" ಎನ್ನುತ್ತಾರೆ. ಉಳಿದವರು ಒಂದೆರಡು ಸಲ ಒತ್ತಾಯಿಸಿ ಬಿಟ್ಟುಬಿಡುತ್ತಾರೆ. ಪ್ರವಾಸದ ಯೋಚನೆ ಶುರುವಾಗಬೇಕಾದದ್ದು ಆ ಒಬ್ಬರಿಂದಲೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಊರು, ಗಾಡಿ, ಖರ್ಚು ಆಮೇಲಿನ ಮಾತು.

ಶಾಲೆ, ಕಚೇರಿಯವರಿಗೆ ರಜೆ ಸಿಗುವುದು ದಸರೆಗೆ ಇಲ್ಲವೇ ಬೇಸಿಗೆಗೆ. ನಮ್ಮ ಎರೆ ಹೊಲಗಳಲ್ಲಿ ದಸರೆಯ ಹೊತ್ತಿಗೆ ಹತ್ತಿ ಒಡೆಯತೊಡಗುತ್ತದೆ. ಒಡೆದ ಹತ್ತಿ ಮಳೆಗೆ ಸಿಕ್ಕರೆ ಬಣ್ಣಗೆಟ್ಟು ಮಾರುಕಟ್ಟೆಯಲ್ಲಿ ದರ ಬೀಳುತ್ತದೆ. ಹಾಗಾಗಿ ಬಿಡಿಸುವವರು ಹೊಲ ಬಿಟ್ಟು ಕದಲುವಂತಿಲ್ಲ. ಬಿಡಿಸುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ, ಅದರ ಬೆನ್ನಿಗೇ ಭತ್ತದ ಕೊಯ್ಲು. ಇನ್ನು ಏಪ್ರಿಲ್, ಮೇ ಎಂದರೆ ನಲವತ್ತು ಡಿಗ್ರಿ ದಾಟುವ ಬಿಸಿಲು. ಕಾದ ಕೋಟೆಗಲ್ಲಿನ ಮೇಲೆ ಮಕ್ಕಳನ್ನು ಅಡ್ಡಾಡಿಸಿಕೊಂಡು ಬರುವುದಕ್ಕೆ ವಿಶ್ರಾಂತಿ ಎನ್ನಲಾಗದು.

ಉಳಿಯುವುದು ಸಂಕ್ರಾಂತಿಯ ಆಸುಪಾಸು. ಹತ್ತಿ ಬಹುಮಟ್ಟಿಗೆ ಮುಗಿದಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ಕೈಯಲ್ಲಿ ನಾಲ್ಕು ಕಾಸೂ ಇರುತ್ತದೆ.

ಖರ್ಚಿನ ಮಾತು ಬಂತು. 2023ರ ಜೂನ್ 11ರಂದು ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಬಂದ ಮೇಲೆ ಅವರು ಗೆಳತಿಯರ ಜೊತೆ ಹೊರಡುವುದು ಸಲೀಸಾಗಿದೆ. ಗಂಡನ ಹತ್ತಿರ ಬಸ್ಸಿನ ದುಡ್ಡು ಕೇಳುವ ಪ್ರಸಂಗ ತಪ್ಪಿದೆಯಲ್ಲ, ಅದು ಸಣ್ಣ ಮಾತಲ್ಲ. ಈ ಉಚಿತ ಪ್ರಯಾಣ ರಾಜ್ಯದೊಳಗಿನ ಸಾಮಾನ್ಯ, ವೇಗದೂತ ಬಸ್ಸುಗಳಿಗೆ ಮಾತ್ರ. ಗಡಿಯಾಚೆಯ ಮಂತ್ರಾಲಯಕ್ಕೆ ಹೋಗುವವರು ಅದನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು.

ದೂರ ಹೋಗಲೇಬೇಕೆಂದೇನೂ ಇಲ್ಲ. ಕಲ್ಮಲದಿಂದ ದೇವದುರ್ಗದ ದಾರಿ ಹಿಡಿದರೆ ಗಬ್ಬೂರು ಸಿಗುತ್ತದೆ. ಹಿಂದೆ ಗೋಪುರಗ್ರಾಮ ಎನಿಸಿಕೊಂಡು ವಿದ್ಯೆಯ ನೆಲೆಯಾಗಿದ್ದ ಊರು. ಮಲೆಶಂಕರ, ಬಂಗಾರ ಬಸಪ್ಪ, ವೆಂಕಟೇಶ್ವರ ಎಂದು ಗುಡಿಗಳು, ಶಾಸನಗಳು. ಲಿಂಗಸುಗೂರು ತಾಲ್ಲೂಕಿನ ಜಲದುರ್ಗದಲ್ಲಿ ಕೋಟೆಯ ಮೇಲೆ ನಿಂತರೆ ಕೆಳಗೆ ಕೃಷ್ಣೆ ಕವಲೊಡೆದು ಹರಿಯುವುದು ಕಾಣುತ್ತದೆ. ಶ್ರೀಪಾದ ಶ್ರೀವಲ್ಲಭರ ಕುರವಪುರ ಕೃಷ್ಣೆಯ ನಡುಗಡ್ಡೆ; ಆತ್ಕೂರಿನ ದಂಡೆಯಿಂದ ಹರಿಗೋಲಿನಲ್ಲಿ ದಾಟುತ್ತಾರೆ. ಮೇಲೆ ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ತುಂಬಿ ಬರುತ್ತದೆ. ಹರಿಗೋಲಿನವರು ಇವತ್ತು ಬೇಡ ಎಂದರೆ ಬೇಡ. ಅಲ್ಲಿ ಹಟ ಹಿಡಿಯಬಾರದು. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ, ಒಂದನ್ನೇ. ಮೂರನ್ನೂ ಒಂದೇ ದಿನಕ್ಕೆ ತುರುಕಿದರೆ ಕೂತು ಮಾತಾಡುವುದು ಯಾವಾಗ?

ಇದೂ ಬೇಡವಾದರೆ ಸೀತನಿ ಇದೆಯಲ್ಲ. ಸಂಕ್ರಾಂತಿಯ ಆಸುಪಾಸೆಂದರೆ ಬಿಳಿಜೋಳದ ಕಾಳಿನಲ್ಲಿ ಹಾಲು ಗಟ್ಟಿಯಾಗುತ್ತಿರುವ ದಿನಗಳು. ಹೊಲದ ಬದುವಿನಲ್ಲಿ ಸಣ್ಣ ಕುಣಿ ತೋಡಿ, ಕುಳ್ಳು ಉರಿಸಿ ಕೆಂಡ ಮಾಡಿ, ಹಸಿ ತೆನೆಗಳನ್ನು ಅದರೊಳಗೆ ಚುಚ್ಚುತ್ತಾರೆ. ಚಟಪಟ ಸದ್ದು ಬಂದಾಗ ತೆಗೆದು, ಗೋಣಿಚೀಲದ ಮೇಲೆ ಅಂಗೈಯಿಂದ ಉಜ್ಜಿ, ಹೊಟ್ಟು ಊದಿ ಹಾರಿಸಿದರೆ ಬಿಸಿಬಿಸಿ ಹಸಿರು ಕಾಳು ಉಳಿಯುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಒಂದು ತುಣುಕು ಬೆಲ್ಲ. ಅಂಗೈ ಕಪ್ಪಾಗುತ್ತದೆ, ಮಧ್ಯಾಹ್ನ ಕಳೆದದ್ದೇ ತಿಳಿಯುವುದಿಲ್ಲ. ಗೆಳೆತನಕ್ಕೆ ಇದಕ್ಕಿಂತ ಒಳ್ಳೆಯ ಜಾಗವನ್ನು ನಾನಂತೂ ಕಂಡಿಲ್ಲ.

ಇಲ್ಲೊಂದು ಎಚ್ಚರ ಬೇಕು. ನಸುಕಿನ ನಾಲ್ಕಕ್ಕೆ ಎದ್ದು ಎಲ್ಲರ ಬುತ್ತಿಗೆ ರೊಟ್ಟಿ ಬಡಿಯುವ ಗೆಳತಿಗೆ ಆ ದಿನ ಬಿಡುವಿನ ದಿನವೇ ಅಲ್ಲ; ಅವಳು ಮನೆಯ ಕೆಲಸವನ್ನೇ ಹೊತ್ತುಕೊಂಡು ಹೊರಗೆ ಬಂದಂತೆ. ಕಟಿರೊಟ್ಟಿ ನಾಲ್ಕು ದಿನ ಇಟ್ಟರೂ ಕೆಡುವುದಿಲ್ಲ. ಹಿಂದಿನ ದಿನವೇ ಖಾನಾವಳಿಯಿಂದ ಕಟ್ಟಿಸಿಕೊಂಡು ಬನ್ನಿ. ದುಡ್ಡನ್ನು ಎಲ್ಲರೂ ಹಂಚಿಕೊಳ್ಳಿ. ಕೂಲಿ ಬಿಟ್ಟು ಬಂದವಳ ಪಾಲನ್ನು ಸಂಬಳದವರು ಸದ್ದಿಲ್ಲದೆ ಹಾಕಿಬಿಡಿ.

ಇನ್ನು ದಿನ ಗೊತ್ತುಮಾಡುವುದು. ಅದನ್ನು ಹೊಲದ ಕೆಲಸವಿರುವ ಆ ಗೆಳತಿಗೇ ಬಿಡಿ. ಅವಳು ಅಮಾವಾಸ್ಯೆ ಎನ್ನಬಹುದು. ಎಷ್ಟೋ ಊರುಗಳಲ್ಲಿ ಅಂದು ಎತ್ತು ಹೂಡುವುದಿಲ್ಲ, ಹೊಲದ ಕೆಲಸಕ್ಕೆ ಬಿಡುವು. ಅದು ವಾರದ ನಡುವೆ ಬಿದ್ದರೆ ಕಚೇರಿಯವರು ಒಂದು ದಿನ ರಜೆ ಹಾಕಲಿ.