ಸೂರ್ಯನಿಗೆ ಎಷ್ಟು ಯೋಜನ?

ಗ್ರಹಣ ಯಾವ ದಿನ, ಯಾವ ಗಳಿಗೆಗೆ ಹಿಡಿದು ಯಾವ ಗಳಿಗೆಗೆ ಬಿಡುತ್ತದೆ ಎಂಬುದನ್ನು ಪಂಚಾಂಗ ಮೊದಲೇ ಹೇಳುತ್ತದೆ. ಇಷ್ಟು ಹೇಳಬಲ್ಲವರಿಗೆ ಸೂರ್ಯ ಎಷ್ಟು ದೂರದಲ್ಲಿದ್ದಾನೆ ಎಂಬುದೂ ತಿಳಿದಿರಲೇಬೇಕು ಎಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ಹಾಗೇನಿಲ್ಲ. ಕಾಲವನ್ನು ಲೆಕ್ಕ ಹಾಕುವುದು ಬೇರೆ, ದೂರವನ್ನು ಅಳೆಯುವುದು ಬೇರೆ. ಮೊದಲನೆಯದನ್ನು ಒಂದೇ ಊರಿನಲ್ಲಿ ಕುಳಿತು, ತಲೆಮಾರುಗಳ ಕಾಲ ಆಕಾಶವನ್ನು ನೋಡಿ ಸಾಧಿಸಬಹುದು. ಎರಡನೆಯದಕ್ಕೆ ನಿಂತು ನೋಡಲು ಎರಡು ಜಾಗ ಬೇಕು.

ಊರ ಕೆರೆಯ ಏರಿಯ ಒಂದು ತುದಿಯಲ್ಲಿ ನಿಂತು ಆಚೆ ದಡದ ತೆಂಗಿನ ಮರವನ್ನು ನೋಡಿ. ಅದು ಹಿಂದಿನ ಬೆಟ್ಟದ ನೆತ್ತಿಗೆ ನೇರವಾಗಿ ಕಾಣುತ್ತದೆ ಎನ್ನೋಣ. ಏರಿಯ ಇನ್ನೊಂದು ತುದಿಗೆ ಹೋಗಿ ನೋಡಿದರೆ ಅದೇ ಮರ ಬೆಟ್ಟದ ಪಕ್ಕಕ್ಕೆ ಸರಿದಂತಿರುತ್ತದೆ. ಮರ ಹತ್ತಿರವಿದ್ದಷ್ಟೂ ಹೆಚ್ಚು ಸರಿಯುತ್ತದೆ, ದೂರವಿದ್ದಷ್ಟೂ ಕಡಿಮೆ. ಏರಿಯ ಉದ್ದವೂ ಸರಿದ ಕೋನವೂ ಗೊತ್ತಾದರೆ ನೀರಿಗಿಳಿಯದೆಯೇ ಮರದ ದೂರ ಹೇಳಬಹುದು. ನಮ್ಮ ಸಿದ್ಧಾಂತ ಗ್ರಂಥಗಳು ಈ ಸರಿತವನ್ನು ಲಂಬನ ಎಂದು ಕರೆದವು. ಇಂದಿನ ವಿಜ್ಞಾನ ಬರಹಗಳಲ್ಲಿ ಅದು ದೃಗ್ಭೇದ.

ಸೂರ್ಯಸಿದ್ಧಾಂತ ಭೂಮಿಯ ವ್ಯಾಸವನ್ನು 1,600 ಯೋಜನ ಎಂದಿಟ್ಟುಕೊಳ್ಳುತ್ತದೆ. ಅದು ಕೊಡುವ ಚಂದ್ರನ ಕಕ್ಷೆಯ ಸುತ್ತಳತೆ 3,24,000 ಯೋಜನ. ಇದರಿಂದ ಚಂದ್ರನ ದೂರ ಭೂಮಿಯ ತ್ರಿಜ್ಯದ ಸುಮಾರು 64 ಪಟ್ಟು ಎಂದಾಗುತ್ತದೆ. ನಿಜವಾದ ದೂರ ಸುಮಾರು 60 ಪಟ್ಟು, ಎಂದರೆ ಸರಾಸರಿ 3,84,400 ಕಿಲೋಮೀಟರ್. ದೂರದರ್ಶಕವಿಲ್ಲದ ಕಾಲಕ್ಕೆ ಇದು ಬೆರಗು ಹುಟ್ಟಿಸುವ ನಿಖರತೆ.

ಆದರೆ ಸೂರ್ಯನ ವಿಷಯದಲ್ಲಿ ಹಾಗಾಗಲಿಲ್ಲ. ಎಲ್ಲ ಗ್ರಹಗಳೂ ದಿನವೊಂದಕ್ಕೆ ಸಮನಾದ ಯೋಜನಗಳಷ್ಟು ನಡೆಯುತ್ತವೆ ಎಂಬ ನಿಯಮವನ್ನು ಗ್ರಂಥ ಒಪ್ಪಿಕೊಂಡಿತ್ತು. ಚಂದ್ರ ಒಂದು ಸುತ್ತಿಗೆ ಸುಮಾರು 27 ದಿನ, ಸೂರ್ಯ 365 ದಿನ ತೆಗೆದುಕೊಳ್ಳುವುದರಿಂದ ಸೂರ್ಯ ಚಂದ್ರನಿಗಿಂತ ಹದಿಮೂರು ಪಟ್ಟು ಚಿಲ್ಲರೆ ದೂರ ಎಂಬ ಲೆಕ್ಕ ಬಂತು. ವಾಸ್ತವದಲ್ಲಿ ಅದು ಸುಮಾರು 390 ಪಟ್ಟು. ಇಂಥ ತಪ್ಪು ಭಾರತದ್ದು ಮಾತ್ರವಲ್ಲ. ಗ್ರೀಕ್ ಪರಂಪರೆಯ ಟಾಲೆಮಿ ಕೂಡ ಸೂರ್ಯನನ್ನು ಇಪ್ಪತ್ತು ಪಟ್ಟಿನಷ್ಟು ಹತ್ತಿರಕ್ಕೆ ತಂದಿದ್ದ. ಕಾರಣ ಸರಳ. ಭೂಮಿಯ ತ್ರಿಜ್ಯವನ್ನೇ ಏರಿಯ ಉದ್ದ ಮಾಡಿಕೊಂಡರೆ ಸೂರ್ಯ ಸರಿಯುವುದು ಸುಮಾರು ಅರ್ಧ ಕಿಲೋಮೀಟರ್ ಆಚೆ ಹಿಡಿದ ಒಂದು ರೂಪಾಯಿ ನಾಣ್ಯದ ಅಗಲದಷ್ಟು. ಬರಿಗಣ್ಣಿಗೆ ಅದು ಸಿಕ್ಕುವುದಿಲ್ಲ.

ದಾರಿ ತೆರೆದದ್ದು ಶುಕ್ರಗ್ರಹ. ಕೆಪ್ಲರ್ 1619ರಲ್ಲಿ ಪ್ರಕಟಿಸಿದ ನಿಯಮದಿಂದ ಗ್ರಹಗಳ ದೂರಗಳ ಪ್ರಮಾಣ ತಿಳಿಯಿತು. ಆದರೆ ಅದು ಮೈಲಿಯ ಗುರುತಿಲ್ಲದ ನಕ್ಷೆಯಂತಿತ್ತು. ಒಂದು ದೂರ ಸಿಕ್ಕರೆ ಉಳಿದವೆಲ್ಲ ಸಿಗುವಂತಿದ್ದವು. ಸೂರ್ಯನ ಬಿಂಬದ ಮೇಲೆ ಶುಕ್ರ ಹಾದುಹೋಗುವುದನ್ನು ದೂರದೂರದ ದೇಶಗಳಿಂದ ನೋಡಿ, ವೇಳೆಯ ವ್ಯತ್ಯಾಸದಿಂದ ಆ ದೂರವನ್ನು ಪಡೆಯಬಹುದೆಂದು ಎಡ್ಮಂಡ್ ಹ್ಯಾಲಿ 1716ರಲ್ಲಿ ಸೂಚಿಸಿದ. 1761 ಮತ್ತು 1769ರ ಸಂಕ್ರಮಣಗಳಿಗಾಗಿ ಪಂಡಿತರು ಭೂಮಿಯ ಮೂಲೆಮೂಲೆಗೆ ಹೊರಟರು.

ಅವರಲ್ಲಿ ಫ್ರಾನ್ಸಿನ ಗಿಯೋಮ್ ಲ ಜಾಂತಿ ಪುದುಚೇರಿಗೆ ಹೊರಟವನು. ಅಷ್ಟರಲ್ಲಿ ಊರು ಇಂಗ್ಲಿಷರ ವಶವಾಯಿತು. 1761ರ ಜೂನ್ 6ರಂದು ಅವನು ನಡುಗಡಲಿನಲ್ಲಿದ್ದ. ತೂಗಾಡುವ ಹಡಗಿನಿಂದ ಕಂಡದ್ದು ಅಳತೆಗೆ ಬರಲಿಲ್ಲ. ಮುಂದಿನ ಸಂಕ್ರಮಣಕ್ಕಾಗಿ ಎಂಟು ವರ್ಷ ಪೂರ್ವದೇಶಗಳಲ್ಲೇ ಉಳಿದ. ಮರಳಿ ಫ್ರೆಂಚರ ಕೈಸೇರಿದ್ದ ಪುದುಚೇರಿಗೆ 1768ರಲ್ಲಿ ಬಂದು ವೀಕ್ಷಣಾಲಯ ಕಟ್ಟಿ ಕಾದ. 1769ರ ಜೂನ್ 4ರ ಬೆಳಿಗ್ಗೆ ಮೋಡ ಕವಿಯಿತು. ಶುಕ್ರ ಹಾದುಹೋದ ಮೇಲೆ ಬಿಸಿಲು ಬಂತು. 1771ರಲ್ಲಿ ಊರಿಗೆ ಮರಳಿದಾಗ ಅವನು ಸತ್ತನೆಂದೇ ನಂಬಿ ಬಂಧುಗಳು ಆಸ್ತಿ ಹಂಚಿಕೊಳ್ಳಲು ಹೊರಟಿದ್ದರು. ಪುದುಚೇರಿಯಲ್ಲಿ ಅವನು ತಮಿಳು ಪಂಚಾಂಗಕರ್ತರಿಂದ ಗ್ರಹಣದ ಲೆಕ್ಕವನ್ನು ಕಲಿತು ಬರೆದಿಟ್ಟದ್ದು ಮಾತ್ರ ಉಳಿಯಿತು. ಕಾಲ ಬಲ್ಲವರೂ ದೂರ ಹುಡುಕಿ ಬಂದವನೂ ಅಲ್ಲಿ ಎದುರುಬದುರು ಕುಳಿತಿದ್ದರು.

ಅವನಿಗೆ ತಪ್ಪಿದ್ದು ತಾಹಿತಿ, ನಾರ್ವೆ ಮೊದಲಾದೆಡೆ ಇದ್ದವರಿಗೆ ದಕ್ಕಿತು. ಎಲ್ಲರ ವೇಳೆಗಳನ್ನು ಕೂಡಿಸಿ ನೋಡಿದಾಗ ಸೂರ್ಯನ ದೂರ 15 ಕೋಟಿ ಕಿಲೋಮೀಟರಿನ ಆಸುಪಾಸು ಬಂತು. ಇಂದು ಒಪ್ಪಿರುವ ಸರಾಸರಿ 14,95,97,870 ಕಿಲೋಮೀಟರ್. ಬೆಳಕಿಗೆ ಅದು ಎಂಟು ನಿಮಿಷ ಚಿಲ್ಲರೆ ದಾರಿ. ನೆಪ್ಚೂನಿಗೆ ನಾಲ್ಕು ತಾಸು.

1874ರ ಡಿಸೆಂಬರ್ 9ರ ಸಂಕ್ರಮಣ ಭಾರತದಿಂದ ಕಾಣುವಂತಿತ್ತು. ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಅದನ್ನು ಜನರಿಗೆ ತಿಳಿಸಲು ಪುಸ್ತಿಕೆ ಬರೆದರು; ಅದು ಕನ್ನಡದಲ್ಲೂ ಬಂತು. ಸಂಪ್ರದಾಯದ ಗಣಿತವನ್ನು ಬಲ್ಲ ಅವರು, ಪ್ರತ್ಯಕ್ಷ ವೀಕ್ಷಣೆಗೆ ಹೊಂದದ ಪಂಚಾಂಗವನ್ನು ತಿದ್ದಬೇಕೆಂದು ವಾದಿಸಿದವರು.

ಸೂರ್ಯನ ದೂರ ಸಿಕ್ಕಿದ ಮೇಲೆ ಖಗೋಳಜ್ಞರಿಗೆ ಇನ್ನೂ ಉದ್ದದ ಏರಿ ಸಿಕ್ಕಿತು. ಇಂದು ಒಂದು ಕಡೆ ಇರುವ ಭೂಮಿ ಆರು ತಿಂಗಳಿಗೆ 30 ಕೋಟಿ ಕಿಲೋಮೀಟರ್ ಆಚೆ ಇರುತ್ತದೆ. ಹೀಗೆ ನೋಡಿ ಜರ್ಮನಿಯ ಬೆಸೆಲ್ 1838ರಲ್ಲಿ ಹಂಸ ನಕ್ಷತ್ರಪುಂಜದ ಒಂದು ಮಂದ ತಾರೆಯ ದೂರವನ್ನು ಪ್ರಕಟಿಸಿದ. ಅವನು ಹಿಡಿದ ಕೋನ ಸುಮಾರು 15 ಕಿಲೋಮೀಟರ್ ದೂರದ ರೂಪಾಯಿ ನಾಣ್ಯದಷ್ಟು. ಆ ತಾರೆ ಸುಮಾರು 11 ಜ್ಯೋತಿರ್ವರ್ಷ ದೂರದಲ್ಲಿದೆ. ಸೂರ್ಯಸಿದ್ಧಾಂತ ನಕ್ಷತ್ರಗಳನ್ನು ಸೂರ್ಯನ ದೂರದ 60 ಪಟ್ಟು ಆಚೆ ಇಟ್ಟಿತ್ತು. ಸೂರ್ಯನನ್ನು ಬಿಟ್ಟರೆ ಅತಿ ಸಮೀಪದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಯೇ ಎರಡೂವರೆ ಲಕ್ಷ ಪಟ್ಟಿಗೂ ಹೆಚ್ಚು ದೂರ; ಅದರ ಬೆಳಕು ಬರಲು 4.24 ವರ್ಷ ಬೇಕು. ಮದುವೆಯ ದಿನ ವಧೂವರರಿಗೆ ತೋರಿಸುವ ಅರುಂಧತಿಯ ಬೆಳಕು ಹೊರಟು ಸುಮಾರು 80 ವರ್ಷವಾಗಿರುತ್ತದೆ. 2013ರಲ್ಲಿ ಹಾರಿ 2025ರ ಜನವರಿಯವರೆಗೆ ವೀಕ್ಷಿಸಿದ ಯುರೋಪಿನ ಗಾಯಾ ನೌಕೆ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳನ್ನು ಅಳೆದದ್ದು ಇದೇ ಕೆರೆ ಏರಿಯ ಉಪಾಯದಿಂದ.

ಸೂರ್ಯಸಿದ್ಧಾಂತದ ಚಂದ್ರ ಸತ್ಯಕ್ಕೆ ಹತ್ತಿರ, ಅದರ ಸೂರ್ಯ ಅಲ್ಲ. ಎಲ್ಲವೂ ಅಲ್ಲೇ ಇತ್ತು ಎನ್ನುವವರು ಎರಡನೆಯದನ್ನು ಮರೆಯುತ್ತಾರೆ, ಏನೂ ಇರಲಿಲ್ಲ ಎನ್ನುವವರು ಮೊದಲನೆಯದನ್ನು. ಅಳತೆಗೆ ಸಿಕ್ಕಿದ್ದರಲ್ಲಿ ಹಿರಿಯರು ಗೆದ್ದರು, ನಿಯಮವನ್ನು ನಂಬಿ ಊಹಿಸಿದ್ದರಲ್ಲಿ ಸೋತರು. ರಘುನಾಥಾಚಾರಿಯವರು ಹಳೆಯ ಗಣಿತವನ್ನು ಬಿಡದೆ, ಅದನ್ನು ಕಣ್ಣಿಗೆ ಕಂಡದ್ದರ ಪಕ್ಕದಲ್ಲಿಟ್ಟು ನೋಡಿದರು. ಹಿರಿಯರ ಕೆಲಸಕ್ಕೆ ಸಲ್ಲಬೇಕಾದ ಗೌರವ ಅದೇ.